‘ಸರ್ವವ್ಯಾಪೀಕರಣ’, ‘ನಾಶಮುದ್ರೆ’, ‘ಅಂಟಿಕೆ’: ಯುಬಿಕ್ವಿಟಿನೇಷನ್‌ಗೆ ಯಾವುದು?

ಪ್ರಶ್ನೆ: ಕ್ಯಾನ್ಸರ್ ಔಷಧಗಳ ಕುರಿತ ಬರಹಗಳಲ್ಲಿ ಯುಬಿಕ್ವಿಟಿನೇಷನ್‌ಗೆ ಈ ಮೂರೂ ಪದ ಕಂಡಿವೆ. ಪಾರಿಭಾಷಿಕವಾಗಿ ಯಾವುದನ್ನು ಬಳಸಬಹುದು?

ಉತ್ತರ: ‘ಸರ್ವವ್ಯಾಪೀಕರಣ’ ಬೇಡವೇ ಬೇಡ. ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಎಲ್ಲೆಡೆ ಸಿಗುತ್ತದೆಂದು ಆ ಹೆಸರಿಟ್ಟರು, ಅಷ್ಟೇ. ಯುಬಿಕ್ವಿಟಿನನ್ನು ಇನ್ನೊಂದು ಪ್ರೋಟೀನಿಗೆ ಜೋಡಿಸುವುದೇ ಯುಬಿಕ್ವಿಟಿನೇಷನ್. ಅದನ್ನು ಹೊತ್ತ ಪ್ರೋಟೀನೇನೂ ಎಲ್ಲೆಡೆ ಹರಡಿಕೊಳ್ಳುವುದಿಲ್ಲ.

‘ನಾಶಮುದ್ರೆ’ ಕಿವಿಗೆ ಚೆನ್ನ, ಅರ್ಥಕ್ಕೆ ಅರೆಬರೆ. ಯುಬಿಕ್ವಿಟಿನ್‌ನ 48ನೇ ಸ್ಥಾನದ ಲೈಸೀನ್ (ಒಂದು ಅಮೈನೋ ಆಮ್ಲ) ಹಿಡಿದು ಯುಬಿಕ್ವಿಟಿನ್‌ಗಳ ಸರಪಳಿ ಬೆಳೆದರೆ, ಕೋಶದ ಕತ್ತರಿಯಂತ್ರವಾದ ಪ್ರೋಟಿಯಸೋಮ್ ಆ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಮಟ್ಟವನ್ನು ಎಂಡಿಎಂ2 ಕಿಣ್ವ ತಗ್ಗಿಸುವುದು ಹೀಗೆ. ಆದರೆ 63ನೇ ಸ್ಥಾನದ ಲೈಸೀನ್‌ನ ಸರಪಳಿ ಹೆಚ್ಚಾಗಿ ಸಂಕೇತ ಸಾಗಣೆಗೆ, ಡಿಎನ್‌ಎ ದುರಸ್ತಿಗೆ. ಅಲ್ಲಿ ನಾಶ ಎಲ್ಲಿಂದ ಬಂತು? ಸೆರೆಬ್ಲಾನ್ ಎಂಬ ಪ್ರೋಟೀನಿನ ಮೂಲಕ ಐಕರೋಸ್ ಪ್ರೋಟೀನನ್ನು ಅಳಿಸುವ ಕ್ಯಾನ್ಸರ್ ಔಷಧ ಲೆನಾಲಿಡೊಮೈಡ್ ಬಗ್ಗೆ ಬರೆಯುವಾಗ ರೂಪಕವಾಗಿ ನಡೆದೀತು.

‘ಅಂಟಿಕೆ’ಯ ತೊಡಕು ಲ್ಯಾಬಿನಲ್ಲಿ ಕಾಣುತ್ತದೆ. ಆಂಟಿಬಾಡಿಯಿಂದ ಒಂದು ಪ್ರೋಟೀನನ್ನು ಎಳೆದಾಗ ಅದಕ್ಕೆ ಅಂಟಿಕೊಂಡ ಬೇರೆ ಪ್ರೋಟೀನುಗಳೂ ಜೊತೆಗೆ ಬರುತ್ತವೆ, ಅವೂ ಯುಬಿಕ್ವಿಟಿನ್ ಹೊತ್ತಿರಬಹುದು. ಆಗ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಹಾಳೆ) ಮೇಲಕ್ಕೆ ಎಳೆದ ಮಸಿಯಂಥ ಸ್ಮಿಯರ್ ಯಾರದೆಂದು ಹೇಳಲಾಗದು. ಅದಕ್ಕೇ ಲೈಸೇಟನ್ನು (ಒಡೆದ ಕೋಶಗಳ ರಸ) ಮೊದಲು 1% ಎಸ್‌ಡಿಎಸ್ ಎಂಬ ಮಾರ್ಜಕದಲ್ಲಿ 95 ಡಿಗ್ರಿಗೆ 5–10 ನಿಮಿಷ ಕಾಯಿಸಿ, 10 ಪಟ್ಟು ತೆಳುಮಾಡಿ, ಆಮೇಲೆ ಆಂಟಿಬಾಡಿ ಹಾಕುವುದು. ತೆಳುಮಾಡದಿದ್ದರೆ ಎಸ್‌ಡಿಎಸ್ ಆಂಟಿಬಾಡಿಯನ್ನೂ ಕೆಡಿಸುತ್ತದೆ. ಕಾಯಿಸಿದಾಗ ಅಂಟಿದ್ದು ಕಳಚುತ್ತದೆ. ಯುಬಿಕ್ವಿಟಿನ್ ಮಾತ್ರ ಕೋವೇಲೆಂಟ್ ಎಂಬ ಗಟ್ಟಿ ರಾಸಾಯನಿಕ ಬಂಧದಿಂದ ಬೆಸೆದುಕೊಂಡಿರುವುದರಿಂದ ಅಲ್ಲಾಡುವುದಿಲ್ಲ. ಎರಡಕ್ಕೂ ‘ಅಂಟು’ ಎಂದೇ ಬರೆದರೆ ಕಾಯಿಸುವುದೇಕೆಂಬುದೇ ಓದುಗನಿಗೆ ತಿಳಿಯದು.

ಹಾಗಾಗಿ ನನ್ನ ಮತ ‘ಯುಬಿಕ್ವಿಟಿನ್ ಬೆಸುಗೆ’ಗೆ. ಕ್ರಿಯಾಪದವೂ ಸಲೀಸು: ಬೆಸೆಯಿತು, ಬೆಸೆದ. ತದ್ವಿರುದ್ಧ ಕೆಲಸದವು ‘ಬೆಸುಗೆ ಬಿಡಿಸುವ ಕಿಣ್ವಗಳು’. ಕೋಶ ಒಡೆದ ಕೂಡಲೇ ಇವು ಸರಪಳಿ ಬಿಚ್ಚತೊಡಗುತ್ತವೆ. ಬಹುಪಾಲು ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಕೆಲಸಮಾಡುವ ಕಿಣ್ವಗಳಾದ್ದರಿಂದ, ಕೋಶ ಒಡೆಯುವ ಲೈಸಿಸ್ ಬಫರಿಗೆ ಸಿಸ್ಟೀನನ್ನು ಕಟ್ಟಿಹಾಕುವ, ಆಗಷ್ಟೇ ಕರಗಿಸಿದ 10 ಮಿಲಿಮೋಲಾರ್ ಎನ್-ಈಥೈಲ್‌ಮ್ಯಾಲಿಮೈಡ್ ಸೇರಿಸುತ್ತಾರೆ. ಅದೇ ಬಫರಿನಲ್ಲಿ ಡಿಟಿಟಿ ಎಂಬ ರಾಸಾಯನಿಕ ಇದ್ದರೆ ಹಾಕಿದ್ದು ದಂಡ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ.

ಯುಬಿಕ್ವಿಟಿನ್ ಬೆಸೆಯಿಸುವ ಕಿಣ್ವಗಳ ಹೆಸರು ಇ3 ಲೈಗೇಸ್, ಅದು ಹಾಗೆಯೇ ಇರಲಿ. ಮನುಷ್ಯನಲ್ಲಿ 600ಕ್ಕೂ ಹೆಚ್ಚು ಇವೆ, ಎಲ್ಲಕ್ಕೂ ಕನ್ನಡ ಹೆಸರು ಹುಡುಕುತ್ತ ಕೂರಲಾದೀತೇ? ಇನ್ನೊಂದು: ‘ಯುಬಿಕ್ವಿಟಿಲೇಷನ್’ ಎಂದು ಕಂಡರೆ ಬೇರೆ ಕ್ರಿಯೆ ಎಂದುಕೊಳ್ಳಬೇಡಿ, ಎರಡೂ ಒಂದೇ.