ಪೊರಕೆ ಹಿಡಿಯುವ ಶಿಕ್ಷೆ

"ಅಮೆರಿಕದಲ್ಲಿ ನೋಡಿ..." ಎಂದ ವೆಂಕಿ. ಅವನು ಹೀಗೆ ಶುರು ಮಾಡಿದ ಕೂಡಲೇ ಪದ್ಮಕ್ಕ ಎದ್ದು ಇನ್ನೊಂದು ಸುತ್ತಿನ ಕಾಫಿಗೆ ಹಾಲಿಟ್ಟರು. ಬೇಗ ಮುಗಿಯುವ ಮಾತಲ್ಲ ಅಂತ ಅವರಿಗೆ ಗೊತ್ತು.

"ಕ್ಯಾಲಿಫೋರ್ನಿಯಾದಲ್ಲಿ ಪೆರೋಲ್ ಮೇಲೆ ಹೊರಗೆ ಬಂದವರಿಗೆ ಕೆಲಸ ಕೊಡ್ತಾರೆ. ಹೆದ್ದಾರಿ ಬದಿಯ ಕಸ ಎತ್ತೋದು, ಗಿಡಗಂಟಿ ಸವರೋದು. ಮೈಮೇಲೆ ಹೊಳೆಯೋ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು. ಕೂಲಿನೂ ಉಂಟು. ಊರೂ ಚೊಕ್ಕಟ, ಮನುಷ್ಯನೂ ದಾರಿಗೆ ಬರ್ತಾನೆ. ನಮ್ಮಲ್ಲೂ ಬರಬೇಕು ಇದು."

"ಬರಲಿ. ಆದರೆ ನಮ್ಮ ಬೀದಿಗೆ ಬೇಡ," ಎಂದರು ಶ್ಯಾಮರಾಯರು. "ಕಸ ಎತ್ತುತ್ತಾ ಎತ್ತುತ್ತಾ ಯಾರ ಮನೆ ಬೀಗ ಎಂಥದ್ದು ಅಂತ ನೋಡ್ಕೊಂಡು ಹೋದರೆ?" ರಾಯರ ಮನೆಗೆ ನಾಲ್ಕು ಕ್ಯಾಮೆರಾ. ಒಂದು ಚಪ್ಪಲಿ ಸ್ಟ್ಯಾಂಡಿಗೇ ಮೀಸಲು.

"ರಾಯರೇ, ನಮ್ಮ ಬೀದಿಯ ಗುಂಡಿ ಮುಚ್ಚದೇ ಮುಚ್ಚಿದ್ದೀವಿ ಅಂತ ಬಿಲ್ ಪಾಸ್ ಮಾಡಿಸಿಕೊಂಡವರು ಯಾರೂ ಜೈಲಿಗೆ ಹೋಗಿ ಬಂದವರಲ್ಲ," ಎಂದ ನಾಣಿ. "ಒಂದು ಸಲ ಹೋಗಿ ಬಂದವರ ಕೈಲೂ ಮಾಡಿಸಿ ನೋಡೋಣ. ಕಳ್ಕೊಳ್ಳೋಕೆ ನಮ್ಮ ಹತ್ತಿರ ಏನಿದೆ? ರಸ್ತೆಯಂತೂ ಇಲ್ಲ."

ಲಾಯರ್ ಗುಂಡಣ್ಣ ಅಷ್ಟು ಹೊತ್ತು ಸುಮ್ಮನಿದ್ದುದೇ ಹೆಚ್ಚು. "ವೆಂಕಿ, ಅಲ್ಲಿಯ ಪೆರೋಲ್ ಬೇರೆ, ನಮ್ಮದು ಬೇರೆ. ಅಲ್ಲಿ ಜೈಲಿಂದ ಹೊರಗೆ ಬಿಟ್ಟ ಮೇಲೂ ಕಣ್ಣಿಟ್ಟಿರ್ತಾರೆ. ನಮ್ಮಲ್ಲಿ ಅಪ್ಪನ ತಿಥಿ, ಮಗಳ ಮದುವೆ ಮುಗಿಸ್ಕೊಂಡು ಹೇಳಿದ ದಿನ ಜೈಲಿಗೆ ವಾಪಸ್ ಹೋಗಬೇಕು. ಅಷ್ಟರಲ್ಲಿ ರಾಯರ ಮನೆ ಮುಂದೆ ಗುಡಿಸೋಕೆ ಪುರುಸೊತ್ತೆಲ್ಲಿ? ಇಲ್ಲಿ ಬಂದಿರೋದು ಸಮುದಾಯ ಸೇವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತಲ್ಲ, ಅದರ 4ನೇ ಕಲಂ ಓದಿ. ಮರಣದಂಡನೆಯಿಂದ ಶುರುವಾಗಿ ಜೀವಾವಧಿ, ಸೆರೆವಾಸ, ಆಸ್ತಿ ಮುಟ್ಟುಗೋಲು, ದಂಡ ಅಂತ ಇಳೀತಾ ಬಂದು ಕೊನೆಗೆ ಸಮುದಾಯ ಸೇವೆ. 1860ರ ಹಳೇ ಸಂಹಿತೆಯಲ್ಲಿ ಇದು ಇರಲೇ ಇಲ್ಲ."

"ಕೂಲಿ ಎಷ್ಟು?" ಅಡುಗೆಮನೆಯಿಂದಲೇ ಕೇಳಿದರು ಪದ್ಮಕ್ಕ.

"ಬಿಡಿಗಾಸಿಲ್ಲ. ಸಂಭಾವನೆ ಕೇಳೋ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ."

"ಯಾರ್ಯಾರಿಗೆ ಈ ಶಿಕ್ಷೆ?" ರಾಯರ ದನಿಯಲ್ಲಿ ಅಗತ್ಯಕ್ಕಿಂತ ಜಾಸ್ತಿ ಕುತೂಹಲವಿತ್ತು.

"ಆರೇ ಆರು ಅಪರಾಧಕ್ಕೆ." ಗುಂಡಣ್ಣ ಬೆರಳು ಮಡಚತೊಡಗಿದರು. "ಸರ್ಕಾರಿ ನೌಕರ ವ್ಯಾಪಾರ ಮಾಡಬಾರದು ಅಂತಿದ್ದರೂ ವ್ಯಾಪಾರ ಮಾಡಿದರೆ ಒಂದು."

"ಹಾಗಾದರೆ ಅರ್ಧ ಆಫೀಸೇ ಬೀದಿಗೆ ಬರಬೇಕು," ಎಂದ ನಾಣಿ. "ನಮ್ಮ ಬಿಲ್ ಕಲೆಕ್ಟರ್ ಸೈಟು ತೋರಿಸೋಕೆ ಹೋದಾಗಲೇ ನಮಗೆ ಸಿಗೋದು."

"ಕೋರ್ಟು ಘೋಷಣೆ ಹೊರಡಿಸಿ ಕರೆದರೂ ಬಾರದವನು, ಎರಡು."

"ಜಡ್ಜ್ ಕರೆದರೇ ಬಾರದವನು ಪೊರಕೆ ಕರೆದರೆ ಬರ್ತಾನಾ?"

"ಅಧಿಕಾರಿಯನ್ನ ಮಣಿಸೋಕೆ ಅಂತ ಪ್ರಾಣ ಕಳ್ಕೊಳ್ಳೋಕೆ ಹೊರಟವನು, ಮೂರು."

"ವಾಟರ್ ಟ್ಯಾಂಕ್ ಹತ್ತಿ ಕೂರೋರು! ಹೇಗೂ ಮೇಲಿದ್ದಾರಲ್ಲ, ಟ್ಯಾಂಕ್ ತೊಳೆದೇ ಇಳೀಲಿ. ಅದು ತೊಳೆದು ಯಾವ ಕಾಲ ಆಯ್ತೋ."

"5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ವಾಪಸ್ ಕೊಟ್ಟ ಮೊದಲ ಸಲದ ಕಳ್ಳ, ನಾಲ್ಕು. ಕುಡಿದು ಬೀದಿಯಲ್ಲಿ ರಂಪ ಮಾಡಿದವನು, ಐದು. ಅವನಿಗೆ ಹೆಚ್ಚೆಂದರೆ 24 ಗಂಟೆ ಸಾದಾ ಸಜೆ, ಇಲ್ಲ 1,000 ರೂಪಾಯಿ ದಂಡ, ಇಲ್ಲ ಎರಡೂ, ಇಲ್ಲ ಸೇವೆ. ಆರನೆಯದು ಮಾನನಷ್ಟ."

ಮಾನನಷ್ಟ ಎಂದ ಕೂಡಲೇ ನಾಣಿಯ ಮುಖ ಅರಳಿತು. "ಅಂದರೆ ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಹಾಕಿರೋ ಕೇಸೆಲ್ಲ ಸಾಬೀತಾಗಿಬಿಟ್ಟರೆ ಊರು ಕನ್ನಡಿ ಆಗುತ್ತೆ! ಆಮೇಲೆ ಟೆಂಡರೇ ಕರೆಯೋದು ಬೇಡ."

"ಗುಡಿಸಲಿ ಕಣಯ್ಯ," ರಾಯರಿಗೂ ಹುರುಪು ಬಂತು. "ನಾಲ್ಕು ಜನ ನೋಡೋ ಹಾಗೆ ಪೊರಕೆ ಹಿಡಿಸಬೇಕು. ನಾಚಿಕೆ ಆದರೇನೇ ಬುದ್ಧಿ ಬರೋದು."

"ಪೊರಕೆ ಅಂತ ಕಾನೂನಿನಲ್ಲಿ ಎಲ್ಲಿದೆ?" ಎಂದರು ಗುಂಡಣ್ಣ. "ಜನರಿಗೆ ಉಪಯೋಗವಾಗೋ ಕೆಲಸ ಅಂತಷ್ಟೇ ಇದೆ. ಯಾವ ಕೆಲಸ ಅನ್ನೋದು ಕೋರ್ಟಿಗೆ ಬಿಟ್ಟಿದ್ದು."

"ನೋಡಿದಿರಾ? ಆದರೂ ನಮ್ಮೆಲ್ಲರ ತಲೆಗೆ ಮೊದಲು ಬಂದದ್ದು ಪೊರಕೆಯೇ," ಎಂದ ನಾಣಿ. "ನನ್ನನ್ನೂ ಸೇರಿಸಿ. ಸರಿ ರಾಯರೇ, ಬೀದಿ ಗುಡಿಸೋದು ನಾಚಿಕೆಯ ಶಿಕ್ಷೆ ಅಂತಲೇ ಇಟ್ಕೊಳ್ಳೋಣ. ಹಾಗಾದರೆ ನಮ್ಮ ಮುನಿಯಮ್ಮ ಏನು ತಪ್ಪು ಮಾಡಿದಾರೆ? ಕುಡಿದು ರಂಪ ಮಾಡಿದವನು ಒಂದು ದಿನ ಗುಡಿಸಿ ಮನೆಗೆ ಹೋಗ್ತಾನೆ. ಆಕೆ ಇಪ್ಪತ್ತು ವರ್ಷದಿಂದ ಗುಡಿಸ್ತಿದ್ದಾರೆ. ಸಂಹಿತೆ ಪ್ರಕಾರ ಕೊಲೆಯನ್ನೇ ಮಾಡಿರಬೇಕು."

"ಬಿಡ್ತು ಅನ್ನು!" ಪದ್ಮಕ್ಕ ಕಾಫಿ ತಂದಿಟ್ಟರು.

"ನಾಣಿ, ನೀನು ಎಲ್ಲದಕ್ಕೂ ಕೊಂಕು," ವೆಂಕಿ ರೇಗಿದ. "ಗುಡಿಸೋದರಲ್ಲಿ ಕೀಳೇನಿದೆ? ನಮ್ಮ ಕಂಪನಿಯವರು ನಾವಾಗೇ ಬಂದು ಭಾನುವಾರ ಬೀದಿ ಗುಡಿಸಲಿಲ್ವಾ? ಸ್ವಂತ ಇಷ್ಟದಿಂದ?"

"ಸ್ವಂತ ಇಷ್ಟ? ಶನಿವಾರ ರಾತ್ರಿ ನಿನ್ನ ಎಚ್.ಆರ್. ಮೆಸೇಜಿಗೆ ನೀನು ಬೈಯುತ್ತಿದ್ದದ್ದು ಮೂರನೇ ಮನೆಗೆ ಕೇಳಿಸ್ತು. ನಿನಗೂ ಕುಡುಕನಿಗೂ ಒಂದೇ ವ್ಯತ್ಯಾಸ ಕಣೋ. ಅವನಿಗೆ ಜಡ್ಜ್ ಹೇಳ್ತಾರೆ, ನಿನಗೆ ಎಚ್.ಆರ್. ಹೇಳುತ್ತೆ. ಮೇಲ್ಮನವಿಗೆ ಅವಕಾಶ ಇರೋದು ಅವನಿಗೆ ಮಾತ್ರ."

"ಅದು ಸಾಮಾಜಿಕ ಹೊಣೆಗಾರಿಕೆ. ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಾಯ್ದೆಯೇ ಇದೆ."

"ಅದರಲ್ಲಿ ಟೀ ಶರ್ಟಿಗೆ ಎಷ್ಟಾಯ್ತು?" ಎಂದು ಕೇಳಿ ನಾಣಿ ನಮ್ಮ ಕಡೆ ತಿರುಗಿದ. "ಆ ಭಾನುವಾರದ ಕಥೆ ನಾನು ಹೇಳ್ತೀನಿ ಕೇಳಿ. ಬ್ಯಾನರ್ ಕಟ್ಟಿದ್ದು ಒಂಬತ್ತು ಗಂಟೆಗೆ. ಮುನಿಯಮ್ಮ ಆರೂವರೆಗೆಲ್ಲ ಗುಡಿಸಿ ಮುಂದಿನ ಕ್ರಾಸಿಗೆ ಹೋಗಿಯಾಗಿತ್ತು. ಹೊಂಗೆ ಮರದ ಕೆಳಗೆ ಒಂದು ಎಲೆ ಇಲ್ಲ! ಮೂವತ್ತು ಜನ, ಮೂವತ್ತು ಹೊಸ ಪೊರಕೆ, ಕಸ ಸೊನ್ನೆ. ಫೋಟೋದವನು ತಲೆ ಮೇಲೆ ಕೈ ಹೊತ್ತ. ಆಮೇಲೆ ಇವರ ಮ್ಯಾನೇಜರ್ರು ಓಡಿಹೋಗಿ ಮುನಿಯಮ್ಮನ ತಳ್ಳುಗಾಡಿಯಲ್ಲಿದ್ದ ಚೀಲ ಕೇಳಿ ತಂದರು. 'ಅಮ್ಮಾ, ಐದೇ ನಿಮಿಷಕ್ಕೆ ಕಸ ಕೊಡಿ.' ಸುರಿದರು, ಹರಡಿದರು, ಗುಡಿಸಿದರು. ವೆಂಕಿ ಪೊರಕೆ ಹಿಡಿದದ್ದು ಥೇಟ್ ಕ್ರಿಕೆಟ್ ಬ್ಯಾಟ್ ಹಿಡಿದ ಹಾಗೆ. ಗಾಳಿಗೆ ಎದುರಾಗಿ ಗುಡಿಸಿ ಧೂಳೆಲ್ಲ ತಾನೇ ತಿಂದ. ಫೋಟೋ ಆಯ್ತು, ತಿಂಡಿ ಪೊಟ್ಟಣ ಬಂತು, ಹೋದರು. ಬಿದ್ದಿದ್ದ ಎಲೆ, ಮೇಲೆ ಇವರ ತಟ್ಟೆ ಲೋಟ. ಆಯಮ್ಮ ಕಡ್ಡಿ ಪೊರಕೆಯ ಬುಡ ನೆಲಕ್ಕೆ ಎರಡು ಸಲ ಕುಟ್ಟಿ, ಕಡ್ಡಿ ಸಮ ಮಾಡ್ಕೊಂಡು, ಮತ್ತೆ ಮೊದಲಿಂದ ಶುರು ಮಾಡಿದರು."

"ಬಯ್ಯಲಿಲ್ವಾ?" ಪದ್ಮಕ್ಕ ಕೇಳಿದರು.

"ಇಲ್ಲ. 'ಭಾನುವಾರ ಬೇಗ ಮನೆಗೆ ಹೋಗಬೇಕಿತ್ತು' ಅಂದರು. ಅಷ್ಟೇ."

ವೆಂಕಿ ಬಿಸ್ಕತ್ತಿನ ತಟ್ಟೆ ತನ್ನ ಕಡೆ ಎಳೆದುಕೊಂಡ.

"2022ರ ಜುಲೈನಲ್ಲಿ ಈ ಪೌರಕಾರ್ಮಿಕರೆಲ್ಲ ಪೊರಕೆ ಕೆಳಗಿಟ್ಟು ಮುಷ್ಕರ ಕೂತಿದ್ದರು," ಗುಂಡಣ್ಣ ನೆನಪು ಮಾಡಿಕೊಂಡರು. "ಕೆಲಸ ಕಾಯಂ ಮಾಡಿ ಅಂತ. ಕೂತಿದ್ದು ಫ್ರೀಡಂ ಪಾರ್ಕಿನಲ್ಲಿ."

"ಅದು ಹಳೇ ಸೆಂಟ್ರಲ್ ಜೈಲೇ ಅಲ್ವಾ?" ಎಂದ ನಾಣಿ. "ಲೆಕ್ಕ ನೋಡಿ ಹೇಗಿದೆ. ತಪ್ಪು ಮಾಡಿದವನನ್ನ ಜೈಲಿಂದ ತಪ್ಪಿಸಿ ಬೀದಿ ಗುಡಿಸೋಕೆ ಕಳಿಸ್ತೀವಿ. ಬೀದಿ ಗುಡಿಸೋರು ಸಂಬಳದ ನ್ಯಾಯ ಕೇಳೋಕೆ ಜೈಲಿದ್ದ ಜಾಗಕ್ಕೆ ಹೋಗಬೇಕು. ವೆಂಕಿಯ ಅಮೆರಿಕದ ಕಥೆಯಲ್ಲಿ ನನಗೆ ಹಿಡಿಸಿದ್ದು ಒಂದೇ. ಅಲ್ಲಿ ಪೆರೋಲಿನವನ ಕೈಗೆ ಕೂಲಿ ಇಡ್ತಾರೆ. ನಾಳೆ ಇನ್ನೊಂದು ಕಡೆ ಕೆಲಸ ಕೇಳುವಾಗ ಹೇಳ್ಕೊಳ್ಳೋಕೆ ಒಂದು ಕಸುಬು ಇರುತ್ತೆ. ನಾವು ಕೆಲಸವನ್ನೇ ಶಿಕ್ಷೆ ಮಾಡಿ ಕೂತಿದ್ದೀವಿ."

"ಸೇವೆ ಸರಿಯಾಗಿ ಮಾಡಿದ ಅಂತ ಸರ್ಟಿಫಿಕೇಟ್ ಯಾರು ಕೊಡೋದು ಗುಂಡಣ್ಣ? ಸಾಹೇಬರಾ?" ಪದ್ಮಕ್ಕನಿಗೆ ಕೆಲಸದ ಗುಣಮಟ್ಟವೇ ಮುಖ್ಯ.

"ಮುನಿಯಮ್ಮನೇ ಕೊಡಲಿ!" ನಾಣಿ ತೊಡೆ ತಟ್ಟಿದ. "ಮೂಲೆ ಬಿಟ್ಟಿದ್ದರೆ ಫೇಲ್. ಎಲೆ ಚರಂಡಿಗೆ ತಳ್ಳಿದ್ದರೆ ಇನ್ನೊಂದು ವಾರ. ಆಯಮ್ಮ ರುಜು ಹಾಕೋವರೆಗೂ ಬಿಡುಗಡೆ ಇಲ್ಲ. ಆ ದಿನಗಳಿಗೆ ಆಕೆಗೆ ಮೇಲ್ವಿಚಾರಕರ ಸಂಬಳ. ವೆಂಕಿಯಂತೂ ಈ ಜನ್ಮದಲ್ಲಿ ಹೊರಗೆ ಬರಲ್ಲ."

"ನಾನು ಗುಡಿಸೋದು ಕಲೀತೀನಿ ಬಿಡೋ," ಎಂದ ವೆಂಕಿ, ಬಾಯ್ತುಂಬ ಬಿಸ್ಕತ್ತು ಇಟ್ಟುಕೊಂಡು. "ಮೊದಲು ಆ ಟ್ರಾನ್ಸ್‌ಫಾರ್ಮರ್ ಹತ್ತಿರದ ಕಸದ ರಾಶಿಗೆ ಯಾರು ಕಾರಣ ಅಂತ ಹಿಡೀರಿ. ಮುನಿಯಮ್ಮ ಎಷ್ಟು ಗುಡಿಸಿದರೂ ಬೆಳಗಾಗೋದರಲ್ಲಿ ಮತ್ತೆ ಗಂಟು ಬಿದ್ದಿರುತ್ತೆ. ಯಾರೋ ಕತ್ತಲಲ್ಲಿ ತಂದು ಎಸೀತಾರೆ."

"ಅದಕ್ಕೇನು, ರಾಯರ ನಾಲ್ಕನೇ ಕ್ಯಾಮೆರಾ ಆ ಕಡೆಗೇ ಇದೆಯಲ್ಲ, ನೋಡಿದರಾಯ್ತು," ಎಂದರು ಪದ್ಮಕ್ಕ.

"ಅದು ಕೆಟ್ಟಿದೆ," ಎಂದರು ರಾಯರು, ಬಹಳ ಬೇಗ. ಆಮೇಲೆ ಕಾಫಿಯ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಅಲ್ಲ ಗುಂಡಣ್ಣ, ಕಸ ಎಸೆಯೋದು ಆ ಆರರಲ್ಲಿ ಇಲ್ಲ ತಾನೆ?"