ಕೆಲಸ ಮುಗಿದ ನಾಯಿಯನ್ನು ಕೊಲ್ಲಬಹುದಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಕುರಿ ಕಾಯುವ ನಾಯಿಗೆ 11 ವರ್ಷ. ಹಿಂಗಾಲು ಎಳೆಯುತ್ತಿದೆ, ಮಂದೆ ಹಿಂದೆ ಓಡೋಕೆ ಆಗಲ್ಲ. ಮನೆಯ ಹಿರಿಯರು "ಕೆಲಸದ ನಾಯಿ ಕೆಲಸ ಇಲ್ಲದಿದ್ದರೆ ಕೊರಗಿ ಸಾಯುತ್ತೆ, ಈಗಲೇ ಮುಗಿಸಿದರೆ ಅದಕ್ಕೂ ಒಳ್ಳೇದು" ಅಂತಿದ್ದಾರೆ. ಆದರೆ ಊಟ ಚೆನ್ನಾಗಿ ಮಾಡುತ್ತೆ, ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತೆ. ಏನು ಮಾಡಲಿ?

ಉತ್ತರ: ಮೊದಲು ಹಿಂಗಾಲಿನ ಪಾದ ಎತ್ತಿ ಉಗುರು ನೋಡಿ. ನಡುವಿನ ಉಗುರುಗಳ ಮೇಲ್ಭಾಗ ಸವೆದಿದ್ದರೆ ನಾಯಿ ಪಾದ ಮಡಚಿಕೊಂಡು ನೆಲಕ್ಕೆ ಉಜ್ಜುತ್ತಾ ನಡೆಯುತ್ತಿದೆ ಅಂತ ಅರ್ಥ. ಅದು ಹೆಚ್ಚಾಗಿ ನರದ ತೊಂದರೆ. ಜರ್ಮನ್ ಶೆಫರ್ಡ್ ಥರದ ತಳಿಗಳಲ್ಲಿ ಸಾಮಾನ್ಯವಾಗಿ 8 ವರ್ಷ ದಾಟಿದ ಮೇಲೆ ಬೆನ್ನುಹುರಿ ನಿಧಾನಕ್ಕೆ ಕೆಡುವ ಕಾಯಿಲೆ ಒಂದು ಬರುತ್ತೆ. ನೋಡೋಕೆ ಕರುಳು ಕಿತ್ತು ಬರುತ್ತೆ, ಆದರೆ ಆ ಕಾಯಿಲೆಯಿಂದ ನಾಯಿಗೆ ನೋವಾಗುವುದಿಲ್ಲ. ಉಗುರು ಸರಿ ಇದೆ, ಬೆಳಿಗ್ಗೆ ಏಳುವಾಗ ಬಿಗಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಲೀಸು ಅಂದ್ರೆ ಕೀಲಿನ ಸವೆತ ಇರಬಹುದು. ಅದರಲ್ಲಿ ನೋವಿದೆ, ಆದರೆ ಔಷಧಿಯೂ ಇದೆ. ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತೆ.

ಊಟ, ಬಾಲ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಕೆಲಸದ ನಾಯಿಗಳು ನೋವು ಮುಚ್ಚಿಡುವುದರಲ್ಲಿ ಪಳಗಿರುತ್ತವೆ. ರಾತ್ರಿ ಸುಮ್ನೆ ಮಲಗಿದ್ದಾಗ ಏದುಸಿರು ಬಿಡುತ್ತಾ, ಒಂದೇ ಕೀಲನ್ನು ನೆಕ್ಕುತ್ತಾ ಇರುತ್ತಾ, ಮಲಗೋಕೆ ಮೂರು ನಾಲ್ಕು ಸಲ ಸುತ್ತಿ ಕೊನೆಗೆ ನಿಂತೇ ಇರುತ್ತಾ ಅನ್ನೋದನ್ನು ಗಮನಿಸಿ.

ಇನ್ನು ಕೊರಗುವ ಮಾತು. ಮಂದೆ ಹೊರಟಾಗ ಕಟ್ಟಿ ಹಾಕಿದರೆ ಚಡಪಡಿಸುತ್ತೆ, ನಿಜ. ಅದಕ್ಕೆ ಕೊಲ್ಲಬೇಕಾ? ಗೇಟಿನ ಹತ್ತಿರ ಕೂರಿಸಿ, ಸಂಜೆ ಕುರಿ ಒಳಗೆ ಬರುವಾಗ ಹತ್ತು ಹೆಜ್ಜೆ ಹಿಂದೆ ನಡೆಯೋಕೆ ಬಿಡಿ. ಬಹಳಷ್ಟು ನಾಯಿಗಳಿಗೆ ಅಷ್ಟೇ ಸಾಕು. "ಅದಕ್ಕೇ ಒಳ್ಳೇದು" ಅಂತ ಯಾರಾದರೂ ಅಂದಾಗ ನಾನು ಕೇಳುವುದು ಒಂದೇ: ಯಾರಿಗೆ ಒಳ್ಳೇದು? ಕುಂಟುವ ನಾಯಿಯನ್ನು ದಿನಾ ನೋಡೋಕೆ ನಮಗೆ ಕಷ್ಟ. ಆ ಕಷ್ಟವನ್ನು ನಾಯಿಯ ಲೆಕ್ಕಕ್ಕೆ ಬರೆಯಬಾರದು.

ಪ್ರಶ್ನೆ: ಸ್ವಲ್ಪ ಖಾರವಾಗಿ ಕೇಳ್ತೀನಿ, ಬೇಜಾರಾಗಬೇಡಿ. ಕೆಲಸಕ್ಕೆ ಅಂತ ಸಾಕಿದ ನಾಯಿ ಅಲ್ವಾ? ಹಳೇ ಟ್ರ್ಯಾಕ್ಟರನ್ನು ಗುಜರಿಗೆ ಹಾಕ್ತೀವಿ. ಸೈನ್ಯದವರೂ ಹಾಗೇ ಮಾಡ್ತಿರಲಿಲ್ವಾ?

ಉತ್ತರ: ಮಾಡ್ತಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸುಮಾರು 4,000 ನಾಯಿಗಳನ್ನು ಬಳಸಿತು, ಹೊಂಚುಹಾಕಿದ ಶತ್ರುವನ್ನು, ನೆಲದಲ್ಲಿ ಹುದುಗಿಸಿದ ಬಾಂಬನ್ನು ಪತ್ತೆ ಹಚ್ಚಿ ಅವು ಎಷ್ಟೋ ಸೈನಿಕರ ಜೀವ ಉಳಿಸಿದವು, ಕೊನೆಗೆ ವಾಪಸ್ ಬಂದದ್ದು ಸುಮಾರು 200 ಮಾತ್ರ. ಸತ್ತವು ಬಿಟ್ಟರೆ ಉಳಿದವನ್ನು ಅಲ್ಲಿನ ಸೈನ್ಯಕ್ಕೆ ಒಪ್ಪಿಸಿದರು ಅಥವಾ ಕೊಂದರು. ಕಡತದಲ್ಲಿ ಅವು ಸಲಕರಣೆಗಳ ಪಟ್ಟಿಯಲ್ಲಿದ್ದವು. ಜೊತೆಗಿದ್ದ ಸೈನಿಕರಲ್ಲಿ ಎಷ್ಟೋ ಜನ ಅದನ್ನು ಜೀವನಪೂರ್ತಿ ಮರೆಯಲಿಲ್ಲ. ನಿವೃತ್ತ ನಾಯಿಯನ್ನು ಅದರ ಜೊತೆಗಾರನೋ ಬೇರೆಯವರೋ ಸಾಕಿಕೊಳ್ಳಬಹುದು ಅನ್ನುವ ಕಾಯ್ದೆ ಅಮೆರಿಕದಲ್ಲಿ ಬಂದದ್ದು 2000ದಲ್ಲಿ. ರಾಬಿ ಅನ್ನುವ ನಾಯಿಯ ಹೆಸರಲ್ಲಿ ಬಂದ ಕಾಯ್ದೆ ಅದು. ರಾಬಿಗೆ ಮಾತ್ರ ಅದರಿಂದ ಏನೂ ಪ್ರಯೋಜನ ಆಗಲಿಲ್ಲ.

ಟ್ರ್ಯಾಕ್ಟರ್ ನಿಮ್ಮನ್ನು ನಂಬಿ ಕೆಲಸ ಮಾಡಲ್ಲ. ಕರೆದರೆ ಹತ್ತಿರ ಬರಬೇಕು ಅಂತ ವರ್ಷಗಟ್ಟಲೆ ಕಲಿಸಿ, ಕೊನೆಯ ಸಲ ಅದೇ ಕರೆಯಿಂದ ಕೊಲ್ಲೋಕೆ ಕರೆಸಿಕೊಳ್ಳುವುದು ನನಗಂತೂ ಸರಿ ಕಾಣಲ್ಲ. ಇನ್ನೊಂದು ಮಾತು. 8-9 ವರ್ಷದ ದುಡಿಮೆ ತಗೊಂಡವರು ಉಳಿದ ಮೂರು ನಾಲ್ಕು ವರ್ಷದ ಊಟವನ್ನೂ ಮೊದಲೇ ಲೆಕ್ಕಕ್ಕೆ ಹಾಕಿಕೊಳ್ಳಬೇಕು. ಅದಕ್ಕೆ ಆಗಲ್ಲ ಅನ್ನುವವರು ಮರಿ ತರುವಾಗಲೇ ಯೋಚಿಸಬೇಕು.

ಮರುಪ್ರಶ್ನೆ: ಹಾಗಾದರೆ ಅಮುಂಡ್‌ಸನ್? ದಕ್ಷಿಣ ಧ್ರುವಕ್ಕೆ ಹೋದವರು ತಮ್ಮ ನಾಯಿಗಳನ್ನೇ ಕೊಂದರಲ್ಲ.

ಉತ್ತರ: ಹೌದು. 1911ರಲ್ಲಿ 52 ನಾಯಿಗಳ ಜೊತೆ ಹೊರಟರು, ವಾಪಸ್ ಬಂದದ್ದು 11. ದಾರಿಯಲ್ಲಿ ಕೊಂದು ಉಳಿದ ನಾಯಿಗಳಿಗೂ ಜನಕ್ಕೂ ಆಹಾರ ಮಾಡುವುದು ಮೊದಲಿನಿಂದಲೇ ಯೋಜನೆಯಲ್ಲಿತ್ತು. ಜೀವ ಉಳಿಸಿಕೊಳ್ಳೋಕೆ ಮಾಡಿದ್ದು ಅಂತ ಕೆಲವರು ವಾದಿಸುತ್ತಾರೆ. ಅಲ್ಲಿಗೆ ಹೋಗಲೇಬೇಕು ಅಂತ ಯಾರೂ ಬಲವಂತ ಮಾಡಿರಲಿಲ್ಲ, ಹಾಗಾಗಿ ನಾನು ಆ ವಾದ ಪೂರ್ತಿ ಒಪ್ಪಲ್ಲ.

ಆದರೆ ಅದಕ್ಕಿಂತ ನನ್ನನ್ನು ಕಾಡುವುದು ಕೆನಡಾದ ವಿಸ್ಲರ್. 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದು ಪ್ರವಾಸಿಗಳು ಕಡಿಮೆಯಾದ ಮೇಲೆ ಸ್ಲೆಡ್, ಅಂದ್ರೆ ಹಿಮದ ಮೇಲೆ ಜಾರುವ ಬಂಡಿ, ಎಳೆಯುವ ನಾಯಿಗಳನ್ನು ಗುಂಪಾಗಿ ಕೊಂದು ಹೂತರು. ಆಮೇಲೆ ಅಗೆದಾಗ 50ಕ್ಕೂ ಜಾಸ್ತಿ ಕಳೇಬರ ಸಿಕ್ಕವು. ವಿಷಯ ಹೊರಗೆ ಬಂದದ್ದು ಹೇಗೆ ಗೊತ್ತಾ? ಕೊಂದ ಕೆಲಸಗಾರನೇ ಅದರಿಂದ ಮಾನಸಿಕ ಆಘಾತ ಆಗಿದೆ ಅಂತ ಪರಿಹಾರ ಕೇಳಿ ಅರ್ಜಿ ಹಾಕಿದ್ದ. ಹಸಿವು, ಹಿಮ, ಪ್ರಾಣಾಪಾಯ ಯಾವುದೂ ಅಲ್ಲಿ ಇರಲಿಲ್ಲ.

ಪ್ರಶ್ನೆ: ಇದೆಲ್ಲ ಪೇಟೆಯವರ ಮರುಕ ಅಲ್ವಾ? ನಾಯಿ ಜೊತೆ ಬದುಕುವ ಜನರಿಗೆ ಇಂಥ ಉಪದೇಶ ಬೇಕಾ?

ಉತ್ತರ: ಉಪದೇಶ ಬೇಡ, ಅವರಿಂದ ನಾವೇ ಕಲಿಯಬೇಕು. 1950-60ರ ದಶಕಗಳಲ್ಲಿ ಕೆನಡಾದ ಉತ್ತರದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ಸ್ಲೆಡ್ ನಾಯಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಕಟ್ಟದೆ ಬಿಟ್ಟ ನಾಯಿಗಳು, ಅಪಾಯ ಅನ್ನೋದು ಹೊರಗಿಂದ ಬಂದವರ ಕಾನೂನು. ನಾಯಿ ಹೋದ ಮೇಲೆ ಬೇಟೆಗೆ ಹೋಗೋಕೆ ದಾರಿಯೇ ಇಲ್ಲದಂತಾಯಿತು. 2019ರಲ್ಲಿ ಕೆನಡಾ ಸರ್ಕಾರ ಕಿಕಿಕ್ತಾನಿ ಪ್ರದೇಶದ ಇನ್ಯೂಟ್ ಜನರ ಕ್ಷಮೆ ಕೇಳಿತು. ಹುಚ್ಚು ಹಿಡಿದ, ಜನರ ಮೇಲೆ ಬೀಳುವ ನಾಯಿಯನ್ನು ಆ ಜನರೂ ಕೊಲ್ಲುತ್ತಿದ್ದರು. ಯಾವುದನ್ನು, ಯಾಕೆ ಅಂತ ನಾಯಿಯನ್ನು ಬಲ್ಲವರೇ ತೀರ್ಮಾನಿಸುವುದಕ್ಕೂ, ಗುರುತೇ ಇಲ್ಲದವರು ಬಂದು ಸಾಲಾಗಿ ಹೊಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಪ್ರಶ್ನೆ: ನಮ್ಮ ಕಾವಲು ನಾಯಿ ಆರು ವರ್ಷ ಸಾಧುವಾಗಿತ್ತು, ಹೋದ ವಾರ ನನ್ನ ಕೈ ಕಚ್ಚಿತು. ಇಂಥದನ್ನು ಉಳಿಸಬಹುದಾ?

ಉತ್ತರ: ನಿಮ್ಮ ಕೈಯ ವಿಷಯ ಮೊದಲು. ಗಾಯವನ್ನು ಸೋಪು ಹಾಕಿ 15 ನಿಮಿಷ ನೀರಲ್ಲಿ ತೊಳೆಯಬೇಕಿತ್ತು. ರೇಬೀಸ್ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಈ ಉತ್ತರ ಓದಿ ಮುಗಿಸುವುದೂ ಬೇಡ, ಎದ್ದು ಆಸ್ಪತ್ರೆಗೆ ಹೋಗಿ. ನಾಯಿಯನ್ನು ಆತುರದಲ್ಲಿ ಕೊಲ್ಲಬೇಡಿ. ಕಚ್ಚಿದ ದಿನದಿಂದ 10 ದಿನ ಕಟ್ಟಿ ಹಾಕಿ ಗಮನಿಸಬೇಕು. ಅಷ್ಟು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಗೊತ್ತಾಗುತ್ತೆ. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ದಿಢೀರ್ ಕಚ್ಚಿದರೆ ನಾನು ಮೊದಲು ಹುಡುಕುವುದು ನೋವನ್ನು. ಕಿವಿ, ಹಲ್ಲು, ಸೊಂಟ. ಕಿವಿ ಮಂದವಾಗಿ ಬೆಚ್ಚಿಬಿದ್ದು ಕಚ್ಚುವುದೂ ಉಂಟು. ಇದೆಲ್ಲ ನೋಡಿ, ತಜ್ಞರ ಕೈಲೂ ಆಗದೆ, ಮತ್ತೆ ಮತ್ತೆ ಕಚ್ಚುತ್ತಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ, ಆಗ ಕೊಲ್ಲುವುದು ತಪ್ಪಲ್ಲ. ಅಂಥದನ್ನು ಸುಳ್ಳು ಹೇಳಿ ಇನ್ನೊಬ್ಬರಿಗೆ ದಾಟಿಸುವುದು ದೊಡ್ಡ ತಪ್ಪು.

ಪ್ರಶ್ನೆ: ಕೊನೆಗೆ ಮಾಡಲೇಬೇಕು ಅಂದರೆ ಹೇಗೆ? ವಿಷ, ಗುಂಡು ಅಂತೆಲ್ಲ ಹೇಳ್ತಾರೆ.

ಉತ್ತರ: ವಿಷ ಬೇಡವೇ ಬೇಡ. ನಾಯಿ ಒದ್ದಾಡಿ ಸಾಯುತ್ತೆ. ಗುಂಡಿಗೆ ದೇಶಕ್ಕೊಂದು ಕಾನೂನಿದೆ, ಅನುಮತಿ ಇರುವ ಕಡೆಯೂ ಕೈ ಪಳಗಿದವರಿಗೇ ಬಿಡಬೇಕು. ವೈದ್ಯರು ಮೊದಲು ಮಂಪರಿನ ಸೂಜಿ ಕೊಡುತ್ತಾರೆ, ಆಮೇಲೆ ರಕ್ತನಾಳಕ್ಕೆ ಪೆಂಟೋಬಾರ್ಬಿಟಾಲ್ ಅನ್ನುವ ಅರಿವಳಿಕೆ ಔಷಧಿ. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ಹೋಗುತ್ತೆ, ಆಮೇಲೆ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರುತ್ತೆ. ಒಂದೆರಡು ಸಲ ಎದೆ ಏರಿಳಿಯಬಹುದು, ಸ್ನಾಯು ಅದುರಬಹುದು. ಆಗ ನಾಯಿಗೆ ಏನೂ ಗೊತ್ತಾಗುತ್ತಿರುವುದಿಲ್ಲ, ನೀವು ಗಾಬರಿ ಆಗಬೇಡಿ. ಸಾಧ್ಯವಾದರೆ ತಲೆ ಹತ್ತಿರ ಕೂತು ಮಾತಾಡಿಸುತ್ತಿರಿ.

ಕಳೇಬರವನ್ನು ಬಯಲಿನಲ್ಲಿ ಬಿಡಬೇಡಿ. ಆ ಔಷಧಿ ದೇಹದಲ್ಲಿ ಹಾಗೇ ಉಳಿದಿರುತ್ತೆ. ಅದನ್ನು ತಿಂದ ಹದ್ದು, ನರಿ, ಬೇರೆ ನಾಯಿಗಳೂ ಸಾಯುತ್ತವೆ. ಸುಡಿಸಿ, ಅಥವಾ ನೀರಿನ ಮೂಲದಿಂದ ದೂರ, ಪ್ರಾಣಿಗಳು ಕೆದಕಲಾಗದಷ್ಟು ಆಳವಾಗಿ ಹೂಳಿ. ವೈದ್ಯರು ಇದನ್ನು ಹೇಳೋಕೆ ಮರೆತರೆ ನೀವೇ ಕೇಳಿ.