ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುವ ನಾಯಿ: ಇದು ಹಟವೇ, ಭಯವೇ?

ಪ್ರಶ್ನೆ: ನಾನು ಕೆಲಸಕ್ಕೆ ಹೊರಟ ಕೂಡಲೇ ನಮ್ಮ ಲ್ಯಾಬ್ರಡಾರ್ ಜೊಲ್ಲು ಸುರಿಸುತ್ತ ಊಳಿಡುತ್ತದೆ, ಬಾಗಿಲಿನ ಕೆಳಭಾಗದ ಬಣ್ಣವೆಲ್ಲ ಕೆರೆತಕ್ಕೆ ಎದ್ದುಹೋಗಿದೆ. ಗದರಿಸಿದರೆ ಸರಿಹೋಗುತ್ತದೆಯೇ?

ಉತ್ತರ 1: ದಯವಿಟ್ಟು ಗದರಿಸಬೇಡಿ. ಮರಳಿ ಬಂದ ಮೇಲೆ ಕೊಡುವ ಶಿಕ್ಷೆಯನ್ನು ನಾಯಿ ಹಿಂದೆ ನಡೆದದ್ದರೊಂದಿಗೆ ಜೋಡಿಸಿಕೊಳ್ಳಲಾರದು. ನಿಮ್ಮ ಬರವಿಗೂ ಹೆದರಲು ಕಲಿಯುತ್ತದೆ, ಅಷ್ಟೇ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿಟ್ಟು ಹೊರಡಿ. ಮೊದಲ ಅರ್ಧ ಗಂಟೆಯೊಳಗೇ ಏದುಸಿರು, ಅಲೆದಾಟ ಕಂಡರೆ ಅಗಲಿಕೆಯ ಆತಂಕವಿರುವ ಸಾಧ್ಯತೆ ಹೆಚ್ಚು. ಬಹಳ ಹೊತ್ತು ಮಲಗಿದ್ದು ಆಮೇಲೆ ಚಪ್ಪಲಿ ಕಚ್ಚಿದರೆ ಅದು ಬರೀ ಬೇಸರವಿರಬಹುದು.

ಉತ್ತರ 2: ಬೀಗದ ಕೈ ಸದ್ದಾದೊಡನೆ ಆತಂಕ ಶುರುವಾಗುವುದರಿಂದ, ಕೀಲಿ ಹಿಡಿದು ಎಲ್ಲಿಗೂ ಹೋಗದೆ ಸುಮ್ಮನೆ ಕುಳಿತುಕೊಳ್ಳುವುದನ್ನು ರೂಢಿಸಿ. ಬಳಿಕ ಕೆಲವೇ ಕ್ಷಣ ಹೊರಗಿದ್ದು, ನಾಯಿ ಕಳವಳಗೊಳ್ಳುವ ಮೊದಲೇ ಒಳಬನ್ನಿ; ಅದು ನಿರಾಳವಾಗಿದ್ದರೆ ಮಾತ್ರ ಅವಧಿಯನ್ನು ಹೆಚ್ಚಿಸಿ. ಈ ತರಬೇತಿಯ ದಿನಗಳಲ್ಲಿ ಅದನ್ನು ದೀರ್ಘಕಾಲ ಒಂಟಿಯಾಗಿ ಬಿಡದಂತೆ ಯಾರನ್ನಾದರೂ ಜೊತೆಗಿರಿಸುವುದು ಬಹಳ ಮುಖ್ಯ. ಪಂಜರದಲ್ಲಿ ಕೂಡಿಹಾಕಬೇಡಿ, ಗಾಬರಿಯಲ್ಲಿ ಹಲ್ಲು, ಉಗುರು ಮುರಿದುಕೊಳ್ಳಬಹುದು.

ಉತ್ತರ 3: ತೀವ್ರವಾಗಿದ್ದರೆ ಪಶುವೈದ್ಯರನ್ನು ಕಾಣಿರಿ. ಇದೇ ತೊಂದರೆಗೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1998ರಲ್ಲಿ ಕ್ಲೋಮಿಪ್ರಮೈನ್‌ಗೆ, 2007ರಲ್ಲಿ ಫ್ಲುಆಕ್ಸೆಟಿನ್‌ಗೆ ಅನುಮತಿ ನೀಡಿದೆ. ಈ ಔಷಧಗಳ ಪರಿಣಾಮ ಕಾಣಲು ವಾರಗಳೇ ಬೇಕು, ತರಬೇತಿಯೂ ಜೊತೆಗಿರಲೇಬೇಕು; ಮನುಷ್ಯರ ಮಾತ್ರೆಯನ್ನು ನೀವೇ ಅಂದಾಜಿನಲ್ಲಿ ಕೊಡಬೇಡಿ.